ವಜಾ

ಬಡ್ತಿಯ ಅರ್ಜಿ ತುಂಬುತ್ತಿದ್ದೇನೆ
ಪೊನ್ನಂಪೇಟೆಯ ಬಾಡಿಗೆ ಮಾಳಿಗೆಯಲ್ಲಿ.
ಆರನೇ ಪುಟ, ಹನ್ನೊಂದನೇ ಪ್ರಶ್ನೆ:
ಒಟ್ಟು ಉಲ್ಲೇಖಗಳು ಎಷ್ಟು?
ಸಾವಿರದ ಆರುನೂರ ನಲವತ್ತು ಎಂದು ಬರೆದು
ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತೆ.

ಎಚ್-ಇಂಡೆಕ್ಸ್ ಹದಿನಾಲ್ಕು.
ಹಾಗಂದರೇನು ಎಂದು ಅಪ್ಪ ಕೇಳಿದ್ದ ಒಮ್ಮೆ.
ಐತಪ್ಪ, ಸಿದ್ದಾಪುರದ ಕಾಫಿ ತೋಟದಲ್ಲಿ
ಮೂವತ್ತು ವರ್ಷ ರೈಟರು.
ಹದಿನಾಲ್ಕು ಚೀಲ ಇವೆ ಅಂದುಕೋ ಅಪ್ಪ,
ಒಂದೊಂದೂ ಹದಿನಾಲ್ಕು ಕಿಲೋಗೆ ಕಡಿಮೆಯಿಲ್ಲ,
ಹದಿನೈದನೆಯದು ಅಷ್ಟು ತೂಗುವುದಿಲ್ಲ.
ಅಪ್ಪ ಯೋಚಿಸಿದ.
ಹಸಿ ಕಾಯಿ ತೆಗೆದ ಮೇಲೋ, ಮೊದಲೋ?

ಸಾವಿರದ ಆರುನೂರರಲ್ಲಿ ಸಾವಿರದ ನೂರ ಎಂಬತ್ತು
ಒಂದೇ ಪ್ರಬಂಧದ್ದು.

ಆ ಡಿಸೆಂಬರು, ತಿತಿಮತಿಯ ಕಾಡಂಚಿನಲ್ಲಿ
ಒಂಬತ್ತು ಮೈಕು ಮರಕ್ಕೆ ಕಟ್ಟಿದ್ದೆವು.
ಆನೆಯ ಗುನುಗನ್ನು ಯಂತ್ರಕ್ಕೆ ಕಲಿಸಬೇಕಿತ್ತು,
ಮನುಷ್ಯರ ಕಿವಿಗೆ ಸಿಗದಷ್ಟು ತಗ್ಗಿನ ಸದ್ದು.
ರಾತ್ರಿ ಹಿಡಿದದ್ದನ್ನು ಹಗಲು ವೇಗ ಹೆಚ್ಚಿಸಿ ಕೇಳಿ
ಗುರುತು ಹಾಕುವ ಕೆಲಸ: ಆನೆ, ಆನೆಯಲ್ಲ.
ಹಾಡಿಯಿಂದ ಚಾತ ಬರುತ್ತಿದ್ದ, ದಿನಕ್ಕೆ ನಾನೂರು ರೂಪಾಯಿ,
ಹೆಡ್‌ಫೋನು ಒಂದೇ ಕಿವಿಗೆ ಹಿಡಿದು
ಇನ್ನೊಂದನ್ನು ಕಿಟಕಿಗೆ ಬಿಟ್ಟು.
ಇದು? ಆನೆ. ಮರಿ ಜೊತೆಗಿದೆ.
ಇದು? ಜೀಪು.
ಇದು? ಪಲ್ಪರಿನ ಮೋಟರು, ಅಮ್ಮ.

ಪರದೆ ನೋಡಿದೆ. ಇಪ್ಪತ್ತು ಹರ್ಟ್ಸಿನ ಬಳಿ ದಪ್ಪನೆಯ ಪಟ್ಟಿ,
ಪುಸ್ತಕದಲ್ಲಿದ್ದ ಹಾಗೇ.
ಆನೆ ಎಂದು ಒತ್ತಿದೆ.
ಇನ್ನೂರ ಹನ್ನೆರಡು ಸಲ ಒತ್ತಿದೆ.
ಚಾತ ಹೆಡ್‌ಫೋನು ಇಳಿಸಿ ಎಲೆಯಡಿಕೆ ಹಾಕಿಕೊಂಡ.
ವಾದಿಸಲಿಲ್ಲ. ನಾನೂರು ರೂಪಾಯಿಯಲ್ಲಿ
ವಾದ ಸೇರಿರಲಿಲ್ಲ.

ತೊಂಬತ್ತೇಳು ಪರ್ಸೆಂಟು ನಿಖರ ಎಂದು ಪ್ರಕಟವಾಯಿತು.
ವಿಭಾಗದವರಿಗೆಲ್ಲ ಮಡಿಕೇರಿಯಲ್ಲಿ
ಕಡಂಬುಟ್ಟು, ಪಂದಿ ಕರಿ ಕೊಡಿಸಿದೆ.
ಕೃತಜ್ಞತೆಯ ಕೊನೆಗೆ, ಸ್ಥಳೀಯ ಸಹಾಯಕರಿಗೆ, ಎಂದಿತ್ತು:
ಬಹುವಚನದಲ್ಲಿ ಒಬ್ಬನೇ ಚಾತ.

ಎರಡು ವರ್ಷದ ಮೇಲೆ ದೂರದ ಯಾವಳೋ ವಿದ್ಯಾರ್ಥಿನಿ
ನಮ್ಮ ಯಂತ್ರವನ್ನು ತನ್ನ ಕಾಡಿಗೆ ಒಯ್ದಳು.
ಆನೆ ಬಂತು, ಬಾಳೆ ಮುರಿಯಿತು, ಹೋಯಿತು.
ಯಂತ್ರ ಸುಮ್ಮನಿತ್ತು.
ಬೆಳಿಗ್ಗೆ ಊರಿನ ಹಿಟ್ಟಿನ ಗಿರಣಿ ಶುರುವಾದೊಡನೆ
ಆನೆ, ಆನೆ ಎಂದು ಕೂಗಿತು.
ಅವಳು ಅದನ್ನು ಬರೆದಳು, ಬಹಳ ಮರ್ಯಾದೆಯಿಂದ.

ನನ್ನ ಖ್ಯಾತಿ ಶುರುವಾದದ್ದು ಅಲ್ಲಿಂದ.
ಯಂತ್ರಕ್ಕೆ ಕಲಿಸಿದ್ದೊಂದು, ಅದು ಕಲಿತದ್ದೊಂದು
ಎಂಬುದಕ್ಕೆ ಉದಾಹರಣೆ ಬೇಕಾದವರೆಲ್ಲ
ನನ್ನ ಹೆಸರು ಹಿಡಿದರು.
ನೋಡದ ದೇಶದ ತರಗತಿಗಳಲ್ಲಿ
ಮಕ್ಕಳು ನಗುವ ಮೂರನೆಯ ಸ್ಲೈಡು ನಾನು.
ತಪ್ಪೊಪ್ಪಿ ಬರೆದ ಎರಡು ಪುಟಕ್ಕೆ
ಹನ್ನೊಂದು ಉಲ್ಲೇಖ, ಅದರಲ್ಲಿ ಆರು ನನ್ನವೇ.
ಅಲ್ಲಿ ಚಾತನ ಹೆಸರಿದೆ,
ರೇಷನ್ ಕಾರ್ಡಿನಲ್ಲಿ ಇರುವ ಹಾಗೆ, ಪೂರ್ತಿ.

ಅಪ್ಪನ ತೂಕದ ಪುಸ್ತಕದಲ್ಲಿ ಒಂದು ಕಲಂ ಇತ್ತು: ವಜಾ.
ಎಲೆ, ಕಲ್ಲು, ಒದ್ದೆ, ಹಸಿ ಕಾಯಿ.
ಮುಕ್ಕಾಲು ಕಿಲೋ, ಒಂದೂವರೆ ಕಿಲೋ.
ಕೊಯ್ಲಿನವರು ಅಪ್ಪನನ್ನು ಶಪಿಸಿದ್ದು ಆ ಕಲಮಿಗೇ.
ಮಾಲೀಕನ ತಕ್ಕಡಿಯ ಸುಳ್ಳನ್ನು ಕಳೆಯಲು ಮಾತ್ರ
ಅದರಲ್ಲಿ ಜಾಗವಿರಲಿಲ್ಲ, ಅಪ್ಪನಿಗೂ ಗೊತ್ತಿತ್ತು.
ಈ ಅರ್ಜಿಯಲ್ಲಿ ಆ ಕಲಮೂ ಇಲ್ಲ.
ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ,
ಅಳಿಸಿದೆ. ಕಾಗದ ಸ್ವಲ್ಪ ಎದ್ದಿದೆ.

ಕಳೆದ ಭಾನುವಾರ, ಗೋಣಿಕೊಪ್ಪದ ಸಂತೆಯಲ್ಲಿ
ಚಾತ ಒಣಮೀನು ಆರಿಸುತ್ತಿದ್ದ.
ಸಾವಿರದ ನೂರ ಎಂಬತ್ತು ಜನ
ನಿನ್ನ ಪಲ್ಪರನ್ನು ನೆನೆದಿದ್ದಾರೆ, ಎಂದೆ.
ಅದೆಲ್ಲಿದೆ ಈಗ, ಎಂದ,
ಸಕಲೇಶಪುರದವರಿಗೆ ಮಾರಿ ಎರಡು ವರ್ಷವಾಯಿತು.
ಪೊಟ್ಟಣ ಕಂಕುಳಿಗೆ ಸೇರಿಸಿಕೊಂಡು,
ಈಗ ರಾತ್ರಿ ಸದ್ದಾದರೆ ಆನೆಯೇ, ಅಮ್ಮ,
ಈಗ ಬಂದು ಬರೆದುಕೊಳ್ಳಿ.
ಕೂಲಿ ಮಾತ್ರ ಆರುನೂರು.